ಯಾರೂ ಹೊಡೆಯದೆ ಮೂಡಿದ ಕಲೆ

ಟೈಲರಮ್ಮನ ಕಣ್ಣು ತಪ್ಪಿಸಿ ಒಂದು ದಾರದ ಎಳೆಯೂ ಆಚೆ ಹೋಗುವುದಿಲ್ಲ ಎಂದು ಆ ಬೀದಿಯವರೆಲ್ಲ ಹೇಳುತ್ತಿದ್ದರು. ಯಾರೋ ಹೊಸ ಬಟ್ಟೆ ತೊಟ್ಟು ಎದುರಿಗೆ ಹಾದುಹೋದರೆ ಸಾಕು, "ಎಡಗಡೆ ತೋಳು ಒಂದು ಬೆರಳು ಉದ್ದ ಆಗಿದೆ ನೋಡು" ಎಂದುಬಿಡುವ ಹೆಂಗಸು. ಅಂಥವಳು ಮದುವೆಯಾದ ಮಗಳಿಗೆ ರವಿಕೆಯ ಅಳತೆ ತೆಗೆಯಲು ತೋಳು ಸರಿಸಿದಾಗ ಕಂಡದ್ದನ್ನು ನೋಡಿಯೂ ನೋಡದ ಹಾಗೆ ಇರುವುದು ಸಾಧ್ಯವಿರಲಿಲ್ಲ.

ಮೊಣಕೈ ಮೇಲೆ, ಒಳಭಾಗದಲ್ಲಿ, ಅಂಗೈ ಅಗಲದ ನೀಲಿ ಕಲೆ. ಅದರ ಅಂಚು ಹಳದಿಗೆ ತಿರುಗಿತ್ತು.

"ಇದೇನೇ ಇದು?"

"ಏನೋ ಅಮ್ಮ. ಎಲ್ಲೋ ತಗುಲಿರಬೇಕು."

"ಎಲ್ಲಿ?"

"ಗೊತ್ತಿಲ್ಲ."

"ಇಷ್ಟು ದೊಡ್ಡ ಕಲೆ ಬೀಳೋ ಹಾಗೆ ತಗುಲಿಸ್ಕೊಂಡಿದೀಯ, ಎಲ್ಲಿ ಅಂತ ಗೊತ್ತಿಲ್ವಾ?"

ಮಗಳು ತೋಳು ಕೆಳಕ್ಕೆಳೆದುಕೊಂಡಳು. "ಅಳತೆ ತಗೋ ಅಮ್ಮ. ತನಿಖೆ ಶುರು ಮಾಡ್ಬೇಡ."

ಟೈಲರಮ್ಮ ಅಳತೆ ತೆಗೆದಳು. ಆದರೆ ಮನಸ್ಸು ಟೇಪಿನ ಮೇಲಿರಲಿಲ್ಲ. ಅವಳಿಗೊಬ್ಬಳು ತಂಗಿಯಿದ್ದಳು. ಆ ತಂಗಿಯೂ ಹೀಗೇ ಹೇಳುತ್ತಿದ್ದಳು: ಬಾಗಿಲು ಬಡಿಯಿತು, ಮೆಟ್ಟಿಲು ಜಾರಿತು, ಎಲ್ಲಿ ತಗುಲಿತೋ ಗೊತ್ತಿಲ್ಲ. ಅವಳ ಗಂಡ ಹೊಡೆಯುತ್ತಿದ್ದ ಎಂಬುದು ಮನೆಯವರಿಗೆ ತಿಳಿಯುವಷ್ಟರಲ್ಲಿ ಅವಳ ಒಂದು ಕಿವಿ ಶಾಶ್ವತವಾಗಿ ಕೆಟ್ಟಿತ್ತು. ತನ್ನ ಮಗಳಿಗೆ ಹಾಗಾಗಲು ಬಿಡುವುದಿಲ್ಲ ಎಂದು ಟೈಲರಮ್ಮ ಆ ಕ್ಷಣವೇ ಹಲ್ಲು ಕಚ್ಚಿಕೊಂಡಳು.

ಅಳಿಯನ ಮೇಲೆ ಅವಳಿಗೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ಕೆಟ್ಟವನೆಂದಲ್ಲ, ಮಾತು ಕಡಿಮೆ. ಕೇಳಿದ್ದಕ್ಕೆ ಹ್ಞೂಂ, ಉಹ್ಞೂಂ, ಅಷ್ಟೇ. ಎರಡು ಬೀದಿ ಆಚೆ ಅವನ ಮನೆ. ಮುಂದಿನ ಕೋಣೆಯೇ ಕೆಲಸದ ಜಾಗ. ದೊಡ್ಡ ಕಾರ್ಖಾನೆಯಿಂದ ಷೂಗಳ ಮೇಲ್ಭಾಗ, ಅಡಿಯ ಅಟ್ಟೆ ಎರಡೂ ಮೂಟೆಯಲ್ಲಿ ಬರುತ್ತಿದ್ದವು. ಗಂಡ ಹೆಂಡತಿ ಇಬ್ಬರೂ ಕೂತು ಸೊಲ್ಯೂಷನ್ ಎನ್ನುವ ಅಂಟು ಹಚ್ಚಿ ಕೂಡಿಸಿ ಕಳಿಸಬೇಕು. ಅಂಟಿನ ಮೇಲೆ ಧೂಳು ಕೂತರೆ ಮಾಲು ವಾಪಸ್ಸು. ಅದಕ್ಕೇ ಬೀದಿಯ ಕಡೆಯ ಕಿಟಕಿ ಯಾವಾಗಲೂ ಮುಚ್ಚಿರುತ್ತಿತ್ತು. ಒಳಗೆ ಹೋದರೆ ಮೂಗು ಚುರುಗುಟ್ಟುವ, ಒಂಥರಾ ಸಿಹಿಯಾದ ವಾಸನೆ. "ಅಭ್ಯಾಸ ಆಗಿಬಿಟ್ಟಿದೆ ಅಮ್ಮ, ಈಗ ಗೊತ್ತೇ ಆಗಲ್ಲ" ಎನ್ನುತ್ತಿದ್ದಳು ಮಗಳು.

ಟೈಲರಮ್ಮ ಈಗ ನೆಪ ಹುಡುಕಿಕೊಂಡು ಅಲ್ಲಿಗೆ ಹೋಗತೊಡಗಿದಳು. ಒಂದು ದಿನ ಪಾತ್ರೆ ವಾಪಸ್ಸು ಕೊಡುವ ನೆಪ, ಇನ್ನೊಂದು ದಿನ ಕತ್ತರಿ ಮರೆತುಹೋಯಿತೆಂಬ ನೆಪ. ಹೋದಾಗೆಲ್ಲ ಅನುಮಾನಕ್ಕೆ ಮೇವು ಸಿಗುತ್ತಲೇ ಇತ್ತು. ಒಮ್ಮೆ ಅಳಿಯ ಹಿತ್ತಲಲ್ಲಿ ಕೂತು ರಕ್ತ ಮೆತ್ತಿದ ಟವೆಲ್ಲನ್ನು ತಿಕ್ಕಿ ತೊಳೆಯುತ್ತಿದ್ದ. ಅತ್ತೆಯನ್ನು ಕಂಡವನೇ ಅದನ್ನು ಬಕೆಟ್ಟಿನೊಳಗೆ ಅದುಮಿದ.

"ಯಾರ ರಕ್ತಾನಪ್ಪಾ ಅದು?"

"ಅವಳದೇ ಅತ್ತೆ. ಹಲ್ಲುಜ್ಜುವಾಗ ವಸಡಲ್ಲಿ ಬರುತ್ತೆ. ನಿಮಗೆ ಹೇಳ್ಬೇಡ ಅಂದಿದ್ಳು, ಗಾಬರಿ ಆಗ್ತೀರ ಅಂತ."

ಹಲ್ಲುಜ್ಜಿದರೆ ಟವೆಲ್ ತುಂಬ ರಕ್ತವೇ? ಟೈಲರಮ್ಮ ನಂಬಲಿಲ್ಲ. ಇನ್ನೊಮ್ಮೆ ಬಾಗಿಲ ಸಂದಿಯಿಂದ ನೋಡಿದಾಗ ಅವನು ಮಗಳ ರಟ್ಟೆಯನ್ನು ಬಿಗಿಯಾಗಿ ಹಿಡಿದು ಎಬ್ಬಿಸುತ್ತಿದ್ದ. ಮಗಳ ಮುಖ ಸುಣ್ಣ ಬಳಿದಂತಿತ್ತು. ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ಟೈಲರಮ್ಮ ಮೆಡಿಕಲ್ ಶಾಪಿನಿಂದ ರಕ್ತ ಹೆಚ್ಚಿಸುವ ಟಾನಿಕ್ ತಂದು ತಾನೇ ಕುಡಿಸಿದಳು. ಎರಡು ಬಾಟಲಿ ಮುಗಿದರೂ ಮುಖಕ್ಕೆ ರಂಗು ಬರಲಿಲ್ಲ. "ನೆಮ್ಮದಿ ಇಲ್ಲದ ಮೈಗೆ ಯಾವ ಟಾನಿಕ್ ಹತ್ತುತ್ತೆ?" ಎಂದುಕೊಂಡಳು.

ಅಳಿಯನ ಪಕ್ಕದ ಮನೆಯವಳನ್ನು ಕರೆದು ಕೇಳಿದಳು.

"ಜಗಳದ ಸದ್ದು ನಾನಂತೂ ಕೇಳಿಲ್ಲ" ಎಂದಳು ಪಕ್ಕದ ಮನೆಯವಳು.

"ಸದ್ದಿಲ್ಲದೆ ಹೊಡೆಯೋರೂ ಇರ್ತಾರೆ."

"ಇರ್ತಾರೆ, ಇಲ್ಲ ಅನ್ನಲ್ಲ. ಆದರೆ ನಿಮ್ಮ ಅಳಿಯ ಬಟ್ಟೆ ಒಗೀತಾನೆ, ನೀರು ಹಿಡೀತಾನೆ. ನಮ್ಮನೆಯವರಿಗೆ ಬುದ್ಧಿ ಹೇಳೋಕೆ ನಾನು ಅವನನ್ನೇ ತೋರಿಸೋದು."

"ಹೊರಗಡೆ ಹಾಗೇ ಕಾಣ್ಬೇಕು ಅಂತಾನೇ ಮಾಡೋದು" ಎಂದು ಟೈಲರಮ್ಮ ಎದ್ದು ಬಂದಳು. ಅನುಮಾನ ಹೊಕ್ಕ ತಲೆಗೆ ಒಳ್ಳೆಯ ಮಾತೂ ಕಳ್ಳನ ಸಾಕ್ಷಿಯಂತೆಯೇ ಕೇಳಿಸುತ್ತದೆ.

ಕೊನೆಗೆ ಮಗನಿಗೆ ಹೇಳಿದಳು. ಮಗ ವ್ಯಾನ್ ಓಡಿಸುವವನು, ಕೈಯೂ ಮಾತೂ ಬಿರುಸು. "ನಡಿ ಅಮ್ಮ, ಇವತ್ತೇ ಇತ್ಯರ್ಥ ಮಾಡೋಣ" ಎಂದು ಕೀಲಿಕೈ ಎತ್ತಿಕೊಂಡ. ಟೈಲರಮ್ಮ ಮಾತ್ರ ಬರಿಗೈಯಲ್ಲಿ ಹೋಗಲು ಒಪ್ಪಲಿಲ್ಲ. ದಾರಿಯಲ್ಲಿದ್ದ ಆರೋಗ್ಯ ಕೇಂದ್ರಕ್ಕೆ ನುಗ್ಗಿ ನರ್ಸಕ್ಕನನ್ನು ಕರೆದಳು. ಬೀದಿಯ ಅರ್ಧ ಮಕ್ಕಳಿಗೆ ಚುಚ್ಚುಮದ್ದು ಹಾಕಿದ್ದು ಈ ನರ್ಸಕ್ಕನೇ.

"ನೀವು ಬಂದು ಬರೀ ನೋಡಿ. ಇದು ಹೊಡೆತದ ಗುರುತು ಅಂತ ಒಂದು ಮಾತು ಹೇಳಿ. ಮುಂದಿನದು ನಾನು ನೋಡ್ಕೋತೀನಿ."

ನರ್ಸಕ್ಕ ಚೀಲ ಎತ್ತಿಕೊಂಡು ಹೊರಟಳು.

ಮನೆಗೆ ಬಂದವನೇ ಮಗ ಅಳಿಯನ ಅಂಗಿಯ ಕಾಲರಿಗೆ ಕೈಹಾಕಿದ. "ನನ್ನ ತಂಗಿ ಮೇಲೆ ಕೈ ಮಾಡ್ತೀಯೇನೋ?" ಅಳಿಯನ ಕೈಯಲ್ಲಿದ್ದ ಬ್ರಷ್ಷು ಕೆಳಗೆ ಬಿತ್ತು. ಅವನು ಬಿಡಿಸಿಕೊಳ್ಳಲೂ ಇಲ್ಲ, ಕೂಗಲೂ ಇಲ್ಲ. "ನಾನಾ?" ಎಂದ ಅಷ್ಟೇ. ಮಗಳು ಅಡ್ಡ ಬರಲು ಎದ್ದವಳು ಕಣ್ಣು ಕತ್ತಲೆಗಟ್ಟಿ ಗೋಡೆಗೆ ಒರಗಿದಳು.

"ಎಲ್ಲರೂ ಆಚೆ ನಡೀರಿ" ಎಂದಳು ನರ್ಸಕ್ಕ. ಅಲ್ಲಿಯ ತನಕ ಯಾರೂ ಕೇಳಿರದಂಥ ಗಟ್ಟಿ ದನಿ. "ನೀವೂ ಅಷ್ಟೇ ಟೈಲರಮ್ಮ. ನಾನು ಅವಳ ಜೊತೆ ಒಬ್ಬಳೇ ಮಾತಾಡ್ಬೇಕು."

ಟೈಲರಮ್ಮ ಆಚೆ ಹೋದಳು, ಆದರೆ ಕಿವಿಯನ್ನು ಬಾಗಿಲಿಗೆ ಅಂಟಿಸಿಯೇ ನಿಂತಳು.

"ನಿಜ ಹೇಳು" ಎನ್ನುತ್ತಿದ್ದಳು ನರ್ಸಕ್ಕ ಒಳಗೆ. "ಹೊಡೀತಾನಾ? ಹೆದರ್ಕೋಬೇಡ. ಹೌದು ಅಂದ್ರೆ ನಿನ್ನನ್ನ ಇಲ್ಲಿ ಬಿಟ್ಟು ಹೋಗಲ್ಲ."

"ಇಲ್ಲ ಅಕ್ಕ. ಅಮ್ಮನಿಗೆ ಎಷ್ಟು ಸಲ ಹೇಳಿದ್ರೂ ನಂಬ್ತಿಲ್ಲ. ರಾತ್ರಿ ಇರಲ್ಲ, ಬೆಳಿಗ್ಗೆ ಎದ್ರೆ ಕಲೆ ಇರುತ್ತೆ. ನನಗೇ ಭಯ ಆಗಿದೆ."

"ಮತ್ತೇನು ತೊಂದರೆ ಇದೆ?"

"ಸುಸ್ತು. ಆಗಾಗ ಜ್ವರ. ತಿಂಗಳ ಮುಟ್ಟು ಶುರುವಾದ್ರೆ ನಿಲ್ಲೋದೇ ಇಲ್ಲ. ಅಮ್ಮನ ಹತ್ರ ಅದನ್ನೆಲ್ಲ ಹೇಳ್ಕೊಳ್ಳಲಿಲ್ಲ."

ಸ್ವಲ್ಪ ಹೊತ್ತಿಗೆ ಬಾಗಿಲು ತೆರೆಯಿತು. ಟೈಲರಮ್ಮ ಮುಗ್ಗರಿಸಿ ಒಳಗೇ ಬಂದುಬಿಟ್ಟಳು. ನರ್ಸಕ್ಕ ಅದನ್ನು ಗಮನಿಸದವಳಂತೆ ಮಗಳ ಕಾಲು ತೋರಿಸಿದಳು. ಮೊಣಕಾಲಿನ ಕೆಳಗೆ ಸಾಸಿವೆಗಿಂತ ಸಣ್ಣ ಕೆಂಪು ಚುಕ್ಕೆಗಳು ಎರಚಿದಂತೆ ಹರಡಿದ್ದವು.

"ಒತ್ತಿ ನೋಡಿ. ಮಾಯ ಆಗುತ್ತಾ?"

ಟೈಲರಮ್ಮ ಬೆರಳಿಂದ ಒತ್ತಿ ಬಿಟ್ಟಳು. ಚುಕ್ಕೆ ಹಾಗೇ ಇತ್ತು.

"ಸೊಳ್ಳೆ ಕಡಿತ ಅಲ್ಲ ಇದು. ಹೊಡೆತವೂ ಅಲ್ಲ. ಚರ್ಮದ ಕೆಳಗೆ ರಕ್ತ ಒಸರ್ತಿದೆ. ಕಾಯಿಲೆ ಯಾವುದು ಅಂತ ನನಗೆ ಗೊತ್ತಿಲ್ಲ. ಇವತ್ತೇ ರಕ್ತ ಪರೀಕ್ಷೆ ಆಗ್ಬೇಕು ಅನ್ನೋದು ಗೊತ್ತು. ನಾಳೆ ಅಲ್ಲ, ಇವತ್ತು."

"ಅವನೇನಾದ್ರೂ ನಿಮಗೆ ಮೊದಲೇ ಹೇಳಿಕೊಟ್ಟಿದ್ದಾನಾ?"

ನರ್ಸಕ್ಕ ನಕ್ಕುಬಿಟ್ಟಳು. "ಕರ್ಕೊಂಡು ಬಂದಿದ್ದು ನೀವು! ಈಗ ನಾನೂ ಅನುಮಾನದ ಪಟ್ಟಿಗೆ ಸೇರಿದ್ನಾ? ಇರಲಿ. ನನ್ನ ಮಾತು ನಂಬ್ಬೇಡಿ, ಪರೀಕ್ಷೆನಾದ್ರೂ ನಂಬಿ."

ಆಗಲೇ ಹೋಗಿ ಲ್ಯಾಬಿನಲ್ಲಿ ರಕ್ತ ಕೊಟ್ಟು ಬಂದರೆ, ಅಲ್ಲಿಯವರು ಅದೇ ಮಧ್ಯಾಹ್ನ ಮತ್ತೊಮ್ಮೆ ಕರೆದು ರಕ್ತ ತೆಗೆದರು. "ಮೊದಲನೇದು ಏನಾಯ್ತು? ಚೆಲ್ಲಿಬಿಟ್ರಾ?" ಎಂದು ಟೈಲರಮ್ಮ ಜಗಳಕ್ಕೇ ನಿಂತಳು. ಚೆಲ್ಲಿರಲಿಲ್ಲ. ಬಂದ ರಕ್ತಕಣಗಳ ಲೆಕ್ಕ ಅಷ್ಟು ಕಡಿಮೆಯಿದ್ದದ್ದರಿಂದ ಅವರೇ ನಂಬಲಾಗದೆ ಇನ್ನೊಮ್ಮೆ ನೋಡಿದ್ದರು. ಎರಡನೆಯ ಸಲವೂ ಅದೇ ಬಂತು. ಕೆಂಪು ಕಣ, ಬಿಳಿ ಕಣ, ಪ್ಲೇಟ್‌ಲೆಟ್, ಮೂರೂ ಪಾತಾಳಕ್ಕಿಳಿದಿದ್ದವು.

ದೊಡ್ಡ ಆಸ್ಪತ್ರೆಯ ಡಾಕ್ಟರಮ್ಮ ಮೂಳೆಯೊಳಗಿನ ಮಜ್ಜೆಯ ಪರೀಕ್ಷೆ ಮಾಡಬೇಕೆಂದಾಗ ಟೈಲರಮ್ಮ ಮಗಳ ಮಂಚಕ್ಕೆ ಅಡ್ಡ ನಿಂತಳು.

"ಬೆನ್ನುಹುರಿಗೆ ಸೂಜಿ ಹಾಕಿ ನೀರು ತೆಗೆದ್ರೆ ಕಾಲು ಬಿದ್ದುಹೋಗುತ್ತಂತೆ. ನನಗೆ ಎಲ್ಲಾ ಗೊತ್ತು."

"ಬೆನ್ನುಹುರಿ ತಂಟೆಗೇ ಹೋಗಲ್ಲಮ್ಮ" ಎಂದರು ಡಾಕ್ಟರಮ್ಮ. ತಮ್ಮ ಸೊಂಟದ ಹಿಂಭಾಗವನ್ನೇ ಮುಟ್ಟಿ ತೋರಿಸಿದರು. "ಇಲ್ಲಿ, ಈ ಮೂಳೆ. ಮರಗಟ್ಟೋ ಇಂಜೆಕ್ಷನ್ ಕೊಟ್ಟು, ಸೂಜಿ ಹಾಕಿ ಸ್ವಲ್ಪ ಮಜ್ಜೆ ತೆಗೀತೀವಿ. ನೋವೇ ಇಲ್ಲ ಅಂತ ಸುಳ್ಳು ಹೇಳಲ್ಲ, ಸೆಳೆತ ಇರುತ್ತೆ. ಕಾಲು ಬಿದ್ದುಹೋಗಲ್ಲ."

ಸುಳ್ಳು ಹೇಳಲ್ಲ ಎಂದದ್ದಕ್ಕೋ ಏನೋ, ಟೈಲರಮ್ಮ ಪಕ್ಕಕ್ಕೆ ಸರಿದಳು.

ಫಲಿತಾಂಶ ಬಂದ ದಿನ ಡಾಕ್ಟರಮ್ಮ ಎಲ್ಲರನ್ನೂ ಕೂರಿಸಿಕೊಂಡರು. "ನಮ್ಮ ರಕ್ತ ತಯಾರಾಗೋದು ಮೂಳೆಯೊಳಗಿನ ಮಜ್ಜೆಯಲ್ಲಿ. ಕೆಂಪು ಕಣ ಮೈಗೆಲ್ಲ ಉಸಿರು ಮುಟ್ಟಿಸುತ್ತೆ. ಬಿಳಿ ಕಣ ರೋಗ ಬರದಂತೆ ಕಾಯುತ್ತೆ. ಪ್ಲೇಟ್‌ಲೆಟ್, ಎಲ್ಲಿ ರಕ್ತನಾಳ ಹರಿದರೆ ಅಲ್ಲಿ ಹೊಲಿಗೆ ಹಾಕುತ್ತೆ. ಇವರ ಮಜ್ಜೆ ಮೂರನ್ನೂ ತಯಾರು ಮಾಡೋದು ನಿಲ್ಲಿಸ್ತಾ ಬಂದಿದೆ. ಇದಕ್ಕೆ ಅಪ್ಲಾಸ್ಟಿಕ್ ಅನೀಮಿಯಾ ಅಂತಾರೆ. ಟಾನಿಕ್ ಕುಡಿದರೆ ಹೋಗೋ ರಕ್ತಹೀನತೆ ಅಲ್ಲ ಇದು. ಅಂಟುರೋಗವೂ ಅಲ್ಲ."

"ಹಾಗಾದ್ರೆ ಆ ಕಲೆ..." ಟೈಲರಮ್ಮ ಮಗಳ ತೋಳಿನತ್ತ ಬೆರಳು ಮಾಡಿದಳು. "ಹೊಲಿಗೆ ಹಾಕೋರೇ ಇಲ್ಲದೆ ಒಳಗೇ ಬಿಚ್ಚಿಕೊಂಡಿದ್ದಾ?"

"ಸರಿಯಾಗಿ ಹೇಳಿದ್ರಿ."

ಟೈಲರಮ್ಮ ಅಳಿಯನ ಕಡೆ ತಿರುಗಲಾರದೆ ನೆಲ ನೋಡುತ್ತಾ ಕೂತಳು. ಡಾಕ್ಟರಮ್ಮ ಮಾತ್ರ ಅವನ ಕಡೆಗೇ ತಿರುಗಿದರು.

"ನಿಮ್ಮ ಮನೆ ಕೆಲಸ ಏನು?"

ಅವನು ಹೇಳಿದ. ಷೂ, ಅಟ್ಟೆ, ಸೊಲ್ಯೂಷನ್. ಕಿಟಕಿ ಮುಚ್ಚಿರುವುದು. ಕೈಗೆ ಮೆತ್ತಿದ ಅಂಟನ್ನು, ಅಂಟು ತೆಳುಮಾಡುವ ತಿನ್ನರಿನಲ್ಲೇ ತೊಳೆಯುವುದು. ಡಬ್ಬಗಳನ್ನು ಮಲಗುವ ಕೋಣೆಯ ಮೂಲೆಯಲ್ಲಿ ಪೇರಿಸುವುದು. ಕೇಳದೆ ಮಾತಾಡದವನು ಅವತ್ತು ಒಂದನ್ನೂ ಬಿಡದೆ ಹೇಳಿದ.

"ಸೊಲ್ಯೂಷನ್ ಯಾವ ಕಂಪನಿದು?"

"ಹೆಸರಿಲ್ಲ ಮೇಡಂ. ತಗಡಿನ ಡಬ್ಬ. ಅಂಗಡಿಯವನು ಸುರಿದು ಕೊಡ್ತಾನೆ."

"ಇದರಿಂದಲೇ ಬಂತು ಅಂತ ನಾನು ಆಣೆ ಮಾಡಿ ಹೇಳಲಾರೆ" ಎಂದರು ಡಾಕ್ಟರಮ್ಮ. "ಈ ಕಾಯಿಲೆ ಬಂದ ಬಹಳ ಜನರಲ್ಲಿ ಕಾರಣ ಸಿಗೋದೇ ಇಲ್ಲ. ಆದರೆ ಕೆಲವು ಅಂಟು, ತಿನ್ನರ್‌ಗಳಲ್ಲಿ ಬೆಂಜೀನ್ ಅನ್ನೋ ರಾಸಾಯನಿಕ ಇರುತ್ತೆ. ಉಸಿರಾಟದ ಮೂಲಕ ದಿನಾ ಒಳಗೆ ಹೋದರೆ ಮಜ್ಜೆಯನ್ನ ಹಾಳು ಮಾಡುತ್ತೆ, ರಕ್ತದ ಕ್ಯಾನ್ಸರ್ ಕೂಡ ತರಬಹುದು. ಇದು ಖಚಿತ. ಆ ಡಬ್ಬದಲ್ಲಿ ಏನಿದೆ ಅಂತ ಪರೀಕ್ಷೆ ಮಾಡಿಸೋಣ. ಅಲ್ಲಿಯವರೆಗೆ ಮನೆಯೊಳಗೆ ಅದು ಇರಕೂಡದು."

ಅಂದು ಆಸ್ಪತ್ರೆಯ ಮೊಗಸಾಲೆಯ ಬೆಂಚಿನಲ್ಲಿ ಅಳಿಯ ಎರಡೂ ಕೈಯಲ್ಲಿ ತಲೆ ಹಿಡಿದು ಕೂತಿದ್ದ. ಟೈಲರಮ್ಮ ಪಕ್ಕದಲ್ಲಿ ಕೂತಳು. ಸೆರಗಿನ ಅಂಚಿನ ದಾರ ಕೀಳುತ್ತಿದ್ದಳು.

"ನೀವು ಅನುಮಾನ ಪಟ್ಟಿದ್ದರಲ್ಲಿ ತಪ್ಪಿಲ್ಲ ಅತ್ತೆ" ಎಂದ ಅವನೇ. "ನಾನು ಕೈ ಎತ್ತಲಿಲ್ಲ. ಆದರೆ ಆ ಡಬ್ಬ ಒಳಗೆ ತಂದವನು ನಾನೇ."

"ಸುಮ್ನಿರಪ್ಪ. ಮೇಲೆ ಒಂದಕ್ಷರ ಬರೆದಿಲ್ಲ, ನಿನಗೆ ಕನಸು ಬೀಳ್ಬೇಕಿತ್ತಾ?" ಆಮೇಲೆ ಮೆಲ್ಲಗೆ ಅಂದಳು, "ನಾನು ನಿನ್ನನ್ನ ಏನೇನೋ ಅಂದ್ಕೊಂಡೆ. ಮನಸ್ಸಲ್ಲಿ ಇಟ್ಕೋಬೇಡ."

"ಹ್ಞೂಂ" ಎಂದ. ಆ ಹ್ಞೂಂ ಅವಳಿಗೆ ಮೊದಲ ಸಲ ಮಾತಿನಂತೆ ಕೇಳಿಸಿತು.

ಅನುಮಾನ ಅಷ್ಟಕ್ಕೇ ಬಿಟ್ಟುಹೋಯಿತೆಂದಲ್ಲ. ಮಗಳಿಗೆ ರಕ್ತ ಕೊಡಲು ಅಣ್ಣ ತೋಳು ಮಡಚಿಕೊಂಡು ಬಂದಾಗ ಆಸ್ಪತ್ರೆಯವರು ಬೇಡ ಎಂದರು. ಬೇರೆ ಯಾರಾದರೂ ಕೊಡಲಿ ಎಂದರು. ಟೈಲರಮ್ಮನ ಹುಬ್ಬು ಮತ್ತೆ ಮೇಲೇರಿತು. "ಒಡಹುಟ್ಟಿದವನ ರಕ್ತ ಬೇಡ, ಕಂಡವರದು ಬೇಕು! ಇದರಲ್ಲೇನೋ ಇದೆ."

"ಇದೆ" ಎಂದರು ಡಾಕ್ಟರಮ್ಮ. "ಇವರಿಗೆ ಬೇರೆಯವರ ಆರೋಗ್ಯವಾದ ಮಜ್ಜೆ ಹಾಕಿದರೆ ಗುಣವಾಗೋ ಅವಕಾಶ ಚೆನ್ನಾಗಿದೆ. ಅದು ಹೊಂದೋದು ಹೆಚ್ಚಾಗಿ ಅಣ್ಣ ತಮ್ಮ, ಅಕ್ಕ ತಂಗಿಯರದ್ದು. ಈಗಲೇ ಅಣ್ಣನ ರಕ್ತ ಒಳಗೆ ಹೋದರೆ, ಮುಂದೆ ಅಣ್ಣನ ಮಜ್ಜೆಯನ್ನ ಇವರ ಮೈ ತಿರಸ್ಕರಿಸಬಹುದು. ಅದಕ್ಕೇ ಅವರನ್ನ ಕಾಯ್ದಿಡ್ತಿದೀವಿ."

ರಕ್ತ ಕೊಡಲು ಅಳಿಯನ ಬೀದಿಯವರು ಬಂದರು. ಅಂಟಿನ ಕೆಲಸ ಮಾಡುವವರಿದ್ದರೆ ಮೊದಲು ಅವರ ರಕ್ತವನ್ನೇ ನೋಡೋಣ ಎಂದು ನರ್ಸಕ್ಕ ಹಟ ಹಿಡಿದಳು. ಅದು ಒಳ್ಳೆಯದೇ ಆಯಿತು. ಅಳಿಯನ ಲೆಕ್ಕ ಸರಿಯಾಗಿತ್ತು, ಆದರೆ ಬೀದಿಯ ಕೊನೆಯ ಮನೆಯಲ್ಲಿ ಬ್ಯಾಗು ಅಂಟಿಸುವವನಿಗೂ ಬಿಳಿ ಕಣ ಇಳಿಯತೊಡಗಿತ್ತು. ಅವನು ಗುಂಡುಕಲ್ಲಿನಂತಿದ್ದ, ಒಂದು ಸೀನೂ ಬಂದಿರಲಿಲ್ಲ. ಆ ಅಂಟಿನಿಂದ ದೂರ ಇಟ್ಟು, ಡಾಕ್ಟರು ಹೇಳಿದಾಗೆಲ್ಲ ಪರೀಕ್ಷೆ ಮಾಡಿಸಿದ ಮೇಲೆ ಅವನ ಲೆಕ್ಕ ನಿಧಾನವಾಗಿ ಮೇಲೆ ಬಂತು. ಬೇಗ ಗೊತ್ತಾದದ್ದೇ ಅವನ ಪುಣ್ಯ. ಡಬ್ಬದ ವರದಿಯೂ ಬಂತು: ಅದರಲ್ಲಿ ಬೆಂಜೀನ್ ಇತ್ತು.

ಅಣ್ಣನ ಮಜ್ಜೆ ತಂಗಿಗೆ ಹೊಂದಿತು. ಎಲ್ಲ ಒಡಹುಟ್ಟಿದವರದ್ದೂ ಹೊಂದುವುದಿಲ್ಲ, ಇವರ ಅದೃಷ್ಟ. ಆದರೆ ಆಗ ಅವನ ಹೆಂಡತಿ, ಟೈಲರಮ್ಮನ ಸೊಸೆ, ಅಡ್ಡ ನಿಂತಳು.

"ಅತ್ತೆ, ತಪ್ಪು ತಿಳ್ಕೋಬೇಡಿ. ವ್ಯಾನ್ ಓಡಿಸೋರು. ಮೂಳೆಯಿಂದ ಸಾರ ತೆಗೆದ್ಬಿಟ್ರೆ ನಾಳೆ ಸ್ಟೇರಿಂಗ್ ಹಿಡಿಯೋಕೆ ಆಗುತ್ತಾ? ನಿಮ್ಮ ಮಗಳನ್ನ ಉಳಿಸೋಕೆ ನನ್ನ ಗಂಡನ್ನ ಕೊಡ್ಬೇಕಾ?"

ಮೊದಲಿನ ಟೈಲರಮ್ಮನಾಗಿದ್ದರೆ ಮನೆ ಹತ್ತಿ ಉರಿಯುತ್ತಿತ್ತು. ಈಗ ಅವಳಿಗೆ ಸೊಸೆಯ ಕಣ್ಣಲ್ಲಿ ತನ್ನದೇ ಹೆದರಿಕೆ ಕಂಡಿತು. "ನನ್ನ ಮಾತು ನಂಬ್ಬೇಡ" ಎಂದಳು. "ನಡಿ, ಡಾಕ್ಟರಮ್ಮನ್ನೇ ಕೇಳೋಣ. ಏನೇನು ಅನುಮಾನ ಇದೆಯೋ ಎಲ್ಲಾ ಕೇಳು. ಮರೆತ್ರೆ ನಾನು ನೆನಪು ಮಾಡ್ತೀನಿ. ಅದರಲ್ಲಿ ನಾನು ಪಳಗಿದ ಕೈ."

ಸೊಸೆ ಎಲ್ಲವನ್ನೂ ಕೇಳಿದಳು. ಮಜ್ಜೆ ಕೊಟ್ಟವರಿಗೆ ಅದು ಕೆಲವೇ ವಾರಗಳಲ್ಲಿ ಮತ್ತೆ ತುಂಬಿಕೊಳ್ಳುತ್ತದೆ, ಸೊಂಟ ಕೆಲವು ದಿನ ನೋಯುತ್ತದೆ, ಅರಿವಳಿಕೆ ಕೊಡುವಾಗ ಇರುವ ಸಣ್ಣ ಅಪಾಯಕ್ಕೆ ಮೊದಲೇ ತಪಾಸಣೆ ಮಾಡುತ್ತಾರೆ, ಇಷ್ಟವಿಲ್ಲದಿದ್ದರೆ ಯಾರೂ ಬಲವಂತ ಮಾಡುವಂತಿಲ್ಲ. ಇಷ್ಟೂ ಕೇಳಿಕೊಂಡು ಹೊರಗೆ ಬಂದ ಸೊಸೆ ಗಂಡನಿಗೆ ಹೇಳಿದಳು: "ಕೊಡಿ. ಆದರೆ ಡಾಕ್ಟರು ಹೇಳೋವರೆಗೆ ಮೂಟೆ ಎತ್ತಿದ್ರೆ ನೋಡಿ."

ಮುಂದಿನ ದಾರಿ ಸಲೀಸಾಗಿರಲಿಲ್ಲ. ಮಜ್ಜೆ ಹಾಕಿದ ಮೇಲೆ ಮಗಳಿಗೆ ಜ್ವರ ಏರಿತು, ಬಾಯೆಲ್ಲ ಹುಣ್ಣಾಯಿತು, ಮೊದಲೇ ಕೊಟ್ಟಿದ್ದ ಕಟು ಔಷಧಿಗೆ ತಲೆಗೂದಲು ಉದುರಿತು. ಗಾಜಿನ ಆಚೆ ನಿಂತು ನೋಡುವುದಷ್ಟೇ ಟೈಲರಮ್ಮನ ಪಾಲಿಗೆ ಉಳಿದಿತ್ತು. ಒಂದು ಬೆಳಿಗ್ಗೆ ಡಾಕ್ಟರಮ್ಮ ಬಂದು, "ಅಣ್ಣನ ಮಜ್ಜೆ ಕೆಲಸ ಶುರು ಮಾಡಿದೆ" ಎಂದಾಗ ವ್ಯಾನ್ ಓಡಿಸುವ ಆ ಗಟ್ಟಿ ಆಳು ಎಲ್ಲರೆದುರು ಗೊಳೋ ಎಂದು ಅತ್ತ. ಪಕ್ಕದಲ್ಲಿದ್ದ ತಂಗಿಯ ಗಂಡನ ಭುಜ ಹಿಡಿದುಕೊಂಡೇ ಅತ್ತ. ಒಂದು ದಿನ ಅದೇ ಕೈ ಅವನ ಕಾಲರಿಗೆ ಹೋಗಿತ್ತು.

ಮಗಳು ಮನೆಗೆ ಬಂದಿದ್ದಾಳೆ. ಇನ್ನೂ ಮಾತ್ರೆಗಳಿವೆ, ತಪಾಸಣೆ ಇದೆ. ಮೆಟ್ಟಿಲು ಹತ್ತುತ್ತಾಳೆ, ಏದುಸಿರಿಲ್ಲ.

ಟೈಲರಮ್ಮನ ಅನುಮಾನದ ಬುದ್ಧಿ ಮಾತ್ರ ಹೋಗಿಲ್ಲ. ಹೋಗುವುದೂ ಬೇಡ. ಮೊನ್ನೆ ಅಳಿಯನ ಬೀದಿಯ ಹೆಂಗಸರನ್ನು ಕಟ್ಟಿಕೊಂಡು ಅಂಟಿನ ಅಂಗಡಿಗೆ ಹೋಗಿದ್ದಳು.

"ಈ ಡಬ್ಬದಲ್ಲಿ ಏನಿದೆ?"

"ಅಂಟಿದೆ ಅಮ್ಮ."

"ಅಂಟು ಅಂತ ನನಗೂ ಗೊತ್ತು, ಕೂತರೆ ಏಳೋಕಾಗಲ್ಲ. ಅಂಟಿನೊಳಗೆ ಏನಿದೆ? ಕಂಪನಿ ಯಾವುದು? ಬೆಂಜೀನ್ ಇಲ್ಲ ಅಂತ ಎಲ್ಲಿ ಬರೆದಿದೆ?"

ಅಂಗಡಿಯವನು ತಲೆ ಕೆರೆದುಕೊಂಡ. ಹೆಂಗಸರೆಲ್ಲ ಖಾಲಿ ಕೈಯಲ್ಲಿ ವಾಪಸ್ಸು ಹೊರಟರು. ಅವನು ಹಿಂದೆಯೇ ಓಡಿಬಂದು, ಹೆಸರಿರುವ ಡಬ್ಬ ತರಿಸಿಕೊಡುತ್ತೇನೆಂದು ಒಪ್ಪಿಕೊಂಡ. ಈಗ ಆ ಬೀದಿಯ ಕೆಲಸದ ಕೋಣೆಗಳ ಕಿಟಕಿಗಳು ತೆರೆದಿವೆ, ಧೂಳು ಬಂದರೆ ಒರೆಸಿಕೊಳ್ಳುತ್ತಾರೆ. ಡಬ್ಬದ ಮುಚ್ಚಳ ಹಾಕಿಯೇ ಇರುತ್ತದೆ. ಕೈ ತೊಳೆಯುವುದು ಸೋಪಿನಲ್ಲಿ.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನೀವೂ ಅನುಮಾನ ಪಡಿ. ಹೆಸರಿಲ್ಲದ ಡಬ್ಬದ ಮೇಲೆ ಪಡಿ, ಮುಚ್ಚಿದ ಕೋಣೆಯ ವಾಸನೆಯ ಮೇಲೆ ಪಡಿ. ಮುಖಕ್ಕೆ ಬಟ್ಟೆ ಕಟ್ಟಿಕೊಂಡರೆ ಆ ಆವಿ ನಿಲ್ಲುವುದಿಲ್ಲ, ಗಾಳಿ ಆಡಬೇಕು. ಅಂಟು, ಬಣ್ಣ, ತಿನ್ನರ್, ಪೆಟ್ರೋಲು ಮುಟ್ಟುವ ಕೆಲಸವಿದ್ದರೆ ಆಗಾಗ ರಕ್ತ ಪರೀಕ್ಷೆ ಮಾಡಿಸಿ, ಆ ಕೈಯಲ್ಲಿ ಊಟ ಮಾಡಬೇಡಿ, ಡಬ್ಬವನ್ನು ಮಲಗುವಲ್ಲಿ ಇಡಬೇಡಿ. ನಿಮ್ಮವರ ಮೈಮೇಲೆ ನೀಲಿ ಕಲೆ ಕಂಡರೆ, ಯಾರಾದರೂ ಹೊಡೆದರಾ ಎಂದು ಪಕ್ಕಕ್ಕೆ ಕರೆದು ಕೇಳಿ, ಕೇಳಲೇಬೇಕು. ಹೌದು ಎಂದರೆ ಅವರ ಬೆನ್ನಿಗೆ ನಿಲ್ಲಿ. ಇಲ್ಲ ಎಂದರೆ ಅಲ್ಲಿಗೇ ಬಿಡಬೇಡಿ. ವಸಡಿನಲ್ಲಿ ರಕ್ತ, ಕಾಲಲ್ಲಿ ಕೆಂಪು ಚುಕ್ಕೆ, ನಿಲ್ಲದ ಮುಟ್ಟು, ಬಿಡದ ಸುಸ್ತು, ಮತ್ತೆ ಮತ್ತೆ ಜ್ವರ, ಇದರಲ್ಲಿ ಯಾವುದಿದ್ದರೂ ಟಾನಿಕ್ ಬಾಟಲಿ ಹಿಡಿದು ಕಾಯಬೇಡಿ. ಹತ್ತಿರದ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗಿ, ರಕ್ತದ ಲೆಕ್ಕ ನೋಡಿಸಿ.

ನಾಳೆ ಅಲ್ಲ, ಇವತ್ತು.